ಆನ್‌ಲೈನ್‌ನಲ್ಲಿ ಕಾರಿನ ಟೈರು: ಬೆಲೆ ಕಮ್ಮಿ ಸರಿ, ಆಮೇಲಿನ ಪಾಡೇನು?

ಕೆಎ09_ಸ್ಟೆಪ್ನಿ

"ಆನ್‌ಲೈನ್‌ನಲ್ಲಿ ಟೈರಿಗೆ 400 ರೂಪಾಯಿ ಕಮ್ಮಿ ಇದೆ, ತಗೊಳ್ಳಲಾ?" ಅನ್ನೋ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಬರ್ತಿದೆ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರ ಬರೆಯೋ ಬದಲು ಒಂದೇ ಕಡೆ ಲೆಕ್ಕ ಹಾಕೋಣ.

185/65 ಆರ್15 ಅಳತೆ ಇಟ್ಟುಕೊಳ್ಳಿ (ಅಗಲ 185 ಮಿಮೀ, ಪಕ್ಕದ ಎತ್ತರ ಅದರ ಶೇ 65, ಟೈರು ಕೂರೋ ಲೋಹದ ರಿಮ್ 15 ಇಂಚು). ಆನ್‌ಲೈನ್ ಬೆಲೆ ಒಂದಕ್ಕೆ 4,600, ನಾಲ್ಕಕ್ಕೆ 18,400. ಅಂಗಡಿಯಲ್ಲಿ 5,000, ನಾಲ್ಕಕ್ಕೆ 20,000. ಉಳಿತಾಯ 1,600 ಅಂತ ಕಾಣುತ್ತೆ. ಆದರೆ ನಾಲ್ಕೂ ಟೈರು ತಮ್ಮ ಹತ್ತಿರವೇ ಕೊಂಡರೆ ಬಹಳ ಅಂಗಡಿಗಳು ಬಿಚ್ಚಿ ಹಾಕೋದು, ಹೊಸ ವಾಲ್ವು, ಬ್ಯಾಲೆನ್ಸಿಂಗು (ಚಕ್ರ ಅದುರದ ಹಾಗೆ ರಿಮ್‌ಗೆ ಸಣ್ಣ ತೂಕ ಕೂರಿಸೋದು) ಇವಕ್ಕೆ ಬೇರೆ ದುಡ್ಡು ಕೇಳಲ್ಲ. ಹೊರಗಿಂದ ತಂದರೆ ಕೇಳ್ತಾರೆ. ಬಿಚ್ಚಿ ಹಾಕೋಕೆ ಚಕ್ರಕ್ಕೆ 150ರಂತೆ 600. ವಾಲ್ವು 80ರಂತೆ 320. ಬ್ಯಾಲೆನ್ಸಿಂಗು 150ರಂತೆ 600. ಸೀಸದ ತೂಕ ಗ್ರಾಂ ಲೆಕ್ಕ, ನಾಲ್ಕಕ್ಕೂ ಸೇರಿ 120 ಗ್ರಾಂ ಹಿಡಿದರೆ ಗ್ರಾಂಗೆ 3ರಂತೆ 360. ಅಲ್ಲಿಗೆ 1,880. ಹಳೇ ಟೈರಿಗೆ ಅಂಗಡಿಯವರು ಎಕ್ಸ್‌ಚೇಂಜ್ ಅಂತ ಒಂದಕ್ಕೆ 250 ಮುರಿದುಕೊಳ್ತಿದ್ದರು ಅಂದುಕೊಳ್ಳಿ, ಆ 1,000ವೂ ಹೋಯ್ತು. 1,600 ಉಳಿಸಲು ಹೊರಟು 2,880 ಕಳೆದ ಹಾಗಾಯ್ತು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡೋದು) ದುಡ್ಡು ಎರಡೂ ಕಡೆ ಕೊಡಲೇಬೇಕು, ಅದನ್ನ ಸೇರಿಸಿಲ್ಲ.

ಇದು ಅಂದಾಜು, ನಿಮ್ಮೂರಿನ ದರ ಹಾಕಿಕೊಂಡು ನೋಡಿ. ಒಂದಕ್ಕೆ 800–1,000 ವ್ಯತ್ಯಾಸ ಇದ್ದರೆ ಮಾತ್ರ ಮುಂದಿನ ತಲೆನೋವು ಹೊತ್ತುಕೊಳ್ಳೋಕೆ ಅರ್ಥ ಇದೆ. ಆ ತಲೆನೋವುಗಳು ಏನೇನು ಅಂತ ಗೊತ್ತಿರೋರು ಬರೀರಿ.


ಟೈರ್‌ಲಿವರ್

ಲೆಕ್ಕ ಸರಿ ಇದೆ ಸಾರ್. ಜಿಎಸ್‌ಟಿ ವಿಷಯ ಒಂದು ಸೇರಿಸ್ತೀನಿ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 4,000 ಇದ್ದ ಟೈರು ಮೊದಲು 5,120 ಆಗ್ತಿತ್ತು, ಈಗ 4,720. ಕೆಲವರು ಹಳೇ ಎಂಆರ್‌ಪಿಯನ್ನ ಹೊಡೆದು ಹಾಕಿ ಪಕ್ಕದಲ್ಲಿ "ಭಾರೀ ರಿಯಾಯಿತಿ" ಅಂತ ತೋರಿಸ್ತಾರೆ. ಆ ರಿಯಾಯಿತಿಯಲ್ಲಿ ಅರ್ಧ ಸರ್ಕಾರ ಇಳಿಸಿದ ತೆರಿಗೆಯೇ. ಹೊಡೆದು ಹಾಕಿದ ಬೆಲೆ ನೋಡಬೇಡಿ, ಅಂಗಡಿಯ ಇವತ್ತಿನ ಬಿಲ್ ಬೆಲೆ ಕೇಳಿ ಹೋಲಿಸಿ.

ಹೊರಗಿನ ಟೈರಿಗೆ ಅಂಗಡಿಯವರು ಮುಖ ಸಿಂಡರಿಸೋದು ಬರೀ ಹೊಟ್ಟೆಕಿಚ್ಚಿನಿಂದ ಅಲ್ಲ. ಹಾಕುವಾಗ ಬೀಡ್ (ರಿಮ್‌ಗೆ ಕೂರೋ ಟೈರಿನ ಒಳ ಅಂಚು) ಹರಿದರೆ ತಪ್ಪು ಯಾರದು? ಬರುವಾಗಲೇ ಹಾಳಾಗಿತ್ತಾ, ಮಿಷಿನ್‌ನಲ್ಲಿ ಹೋಯ್ತಾ ಅಂತ ಜಗಳ. ಅದಕ್ಕೇ ಕೆಲವರು ಮುಟ್ಟೋದೇ ಇಲ್ಲ. ಮೊದಲು ಹಾಕುವವರನ್ನ ಹುಡುಕಿ, ದರ ಮಾತಾಡಿ, ಆಮೇಲೆ ಆರ್ಡರ್ ಮಾಡಿ.


ಸೈಡ್‌ವಾಲ್_ಪಂಡಿತ

ತಪ್ಪು ಶುರುವಾಗೋದೇ ಅಳತೆಯಲ್ಲಿ. ವೆಬ್‌ಸೈಟ್‌ನಲ್ಲಿ "ನಿಮ್ಮ ಕಾರು ಆರಿಸಿ" ಅಂತ ಇರುತ್ತಲ್ಲ, ಅದನ್ನ ನಂಬಿ ಕೂರಬೇಡಿ. ಸ್ವಿಫ್ಟ್ ತಗೊಳ್ಳಿ: ಕೆಳಗಿನ ವೇರಿಯಂಟ್‌ಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಹೊರಗಿನ ವ್ಯಾಸ ಮೊದಲನೆಯದಕ್ಕೆ 619.6 ಮಿಮೀ, ಎರಡನೆಯದಕ್ಕೆ 621.5 ಮಿಮೀ. ದೂರದಿಂದ ಎರಡೂ ಒಂದೇ ಥರ. ಆದರೆ 15 ಇಂಚಿನ ಟೈರು 14 ಇಂಚಿನ ರಿಮ್‌ಗೆ ಕೂರಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ, ಅಳತೆ ಮತ್ತು ಗಾಳಿ ಎರಡೂ ಅಲ್ಲೇ ಇದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನವರು ಅಲಾಯ್ ರಿಮ್ ಬದಲಿಸಿರಬಹುದು, ಹಾಗಾಗಿ ಈಗ ಹಾಕಿರೋ ಟೈರಿನ ಮೇಲಿನದನ್ನೂ ಓದಿ. ಎರಡೂ ಬೇರೆ ಬೇರೆ ಬಂದರೆ ಆರ್ಡರ್ ಮಾಡೋಕೆ ಮುಂಚೆ ಯೋಚಿಸಬೇಕು.

ಅಳತೆಯ ಬಾಲದಲ್ಲಿರೋ ನಂಬರು, ಅಕ್ಷರ ಎರಡೂ ಮುಖ್ಯ. 88ಹೆಚ್ ಅಂದರೆ ಒಂದು ಟೈರು ಹೊರುವ ಭಾರ 560 ಕೆಜಿ, ವೇಗದ ಮಿತಿ ಗಂಟೆಗೆ 210 ಕಿಮೀ. 84 ಅಂದರೆ 500 ಕೆಜಿ. 91 ಅಂದರೆ 615. ಅಕ್ಷರದಲ್ಲಿ ಎಸ್ 180, ಟಿ 190, ಹೆಚ್ 210, ವಿ 240. ಅಳತೆ ಒಂದೇ ಇದ್ದು ಈ ಬಾಲ ಕಡಿಮೆ ಇರೋ ಟೈರನ್ನ ಅಗ್ಗದಲ್ಲಿ ತೋರಿಸೋದು ಮಾಮೂಲಿ. ಕಂಪನಿ ಕೊಟ್ಟಿದ್ದಕ್ಕಿಂತ ಮೇಲೆ ಹೋಗಬಹುದು, ಕೆಳಗೆ ಬೇಡ. ನೂರೈವತ್ತು ದಾಟಲ್ಲ ಅಂತ ಅಕ್ಷರವನ್ನ ಮರೆತರೂ ಐದು ಜನ, ಡಿಕ್ಕಿ ತುಂಬ ಲಗೇಜು, ಮೇಲೆ ಕ್ಯಾರಿಯರ್ ಇದ್ದಾಗ ನಂಬರು ಮರೆಯೋ ಹಾಗಿಲ್ಲ.

ಇನ್ನೊಂದು ಸಣ್ಣ ಅಕ್ಷರ: ಟಿಎಲ್, ಟಿಟಿ. ಟಿಎಲ್ ಟ್ಯೂಬ್‌ಲೆಸ್, ಟಿಟಿ ಟ್ಯೂಬ್ ಹಾಕಬೇಕಾದ್ದು. 145/80 ಆರ್12ರಂಥ ಚಿಕ್ಕ ಅಳತೆಯಲ್ಲಿ ಎರಡೂ ಥರ ಬರುತ್ತೆ, ಪಟ್ಟಿಯಲ್ಲಿ ಚಿತ್ರ ಒಂದೇ. ಟಿಟಿ ಟೈರನ್ನ ಟ್ಯೂಬ್ ಇಲ್ಲದೆ ಹಾಕಿದರೆ ಒಳಪದರ ಗಾಳಿ ತಡೆಯೋ ಹಾಗೆ ಮಾಡಿರೋದಿಲ್ಲ, ನಿಧಾನಕ್ಕೆ ಇಳೀತಾನೇ ಇರುತ್ತೆ.


ಹುಬ್ಳಿ_ಹೈವೇ

ಊರು ಸಣ್ಣದಿದ್ರ ಇನ್ನೊಂದು ಸಂಕಟ ಐತ್ರಿ. ಪಿನ್‌ಕೋಡ್ ಹಾಕಿದ್ರ "ಡೆಲಿವರಿ ಐತಿ" ಅಂತ ತೋರಸ್ತಾರ, ಬರೋದು ಮಾತ್ರ ಪಾರ್ಸೆಲ್ ಆಫೀಸಿಗೆ. ಡೋರ್ ಡೆಲಿವರಿನೋ ಗೋಡೌನ್ ಡೆಲಿವರಿನೋ ಮೊದ್ಲ ಕೇಳ್ರಿ. "ಟು ಪೇ" ಅಂತ ಬಂದ್ರ ಬಾಡಗಿ ನೀವ ಕೊಡಬೇಕು. ಎಲ್‌ಆರ್ (ಲಾರಿ ರಸೀದಿ) ಕಾಪಿ ಇಲ್ಲಾಂದ್ರ ಮಾಲು ಬಿಡಂಗಿಲ್ಲ, ಹಮಾಲಿ ಬ್ಯಾರೆ, ತಡಾ ಮಾಡಿದ್ರ ಗೋಡೌನ್ ಬಾಡಗಿನೂ ಬೀಳತೈತಿ.

ಬಾಡಗಿ ಯಾಕ ಜಾಸ್ತಿ ಅಂದ್ರ, ಟೈರಿನ ತೂಕ ಎಂಟು ಕೆಜಿ ಆಸುಪಾಸು, ಆದ್ರ ಜಾಗಾ ಭಾಳ ತಿಂತೈತಿ. 62 ಸೆಂಮೀ ಉದ್ದ, 62 ಅಗಲ, 19 ಎತ್ತರ. ಗುಣಸಿ 5,000ದಿಂದ ಭಾಗಿಸಿದ್ರ 14.6 ಕೆಜಿ. ಕೊರಿಯರ್‌ನವರು ಈ ಲೆಕ್ಕದಾಗ ಹಿಡೀತಾರ. ವಾಪಸ್ ಕಳಸೋ ಮುಂದನೂ ಇದ ಲೆಕ್ಕ, ಅದಕ್ಕ ಮಾರೋರು ರಿಟರ್ನ್ ಅಂದ್ರ ಜಗ್ಗಾಡ್ತಾರ.


ಘಾಟಿ_ರೋಡ್

@ಹುಬ್ಳಿ_ಹೈವೇ ಜಾಗ ಉಳಿಸೋಕೆ ಒಂದರೊಳಗೆ ಒಂದು ಟೈರು ಮಡಚಿ ತುರುಕೋರೂ ಇದ್ದಾರಲ್ಲ, ಅದರ ಬಗ್ಗೆ ಏನಂತೀರಿ? ಹಾಗೆ ಬಂದಿದ್ದನ್ನ ಹಾಕಬಹುದಾ?


ಟೈರ್‌ಲಿವರ್

ಬೀಡ್ ನೋಡಿ ಹೇಳಬೇಕು. ಬೀಡ್ ಒಳಗಿರೋದು ಉಕ್ಕಿನ ತಂತಿ. ಚೂಪಾಗಿ ಮಡಚಿದರೆ ತಂತಿ ಬಾಗುತ್ತೆ, ಒಮ್ಮೆ ಬಾಗಿದ್ದು ಪೂರ್ತಿ ನೆಟ್ಟಗಾಗಲ್ಲ. ಟೈರನ್ನ ನೆಲದ ಮೇಲೆ ಮಲಗಿಸಿ ಒಳ ಅಂಚಿನ ಸುತ್ತ ಬೆರಳು ಆಡಿಸಿ. ಒಂದು ಕಡೆ ಮೂಲೆ ಥರ ಸಿಕ್ಕರೆ, ರಬ್ಬರು ಹರಿದು ತಂತಿ ಕಂಡರೆ ಬೇಡ, ವಾಪಸ್. ಬರೀ ಚಪ್ಪಟೆ ಆಗಿ ಎರಡು ಬೀಡ್ ಹತ್ತಿರ ಬಂದಿದ್ದರೆ ಅದು ದೋಷ ಅಲ್ಲ. ಒಂದು ರಾತ್ರಿ ಎರಡು ಬೀಡ್ ನಡುವೆ ಮರದ ತುಂಡು ಕೊಟ್ಟು ನಿಲ್ಲಿಸಿದರೆ ಬಿಚ್ಚಿಕೊಳ್ಳುತ್ತೆ. ಹಾಗೆ ಮಾಡದೆ ತಂದರೆ ರಿಮ್‌ಗೆ ತಾಗದೆ ಗಾಳಿಯೇ ಹಿಡಿಯಲ್ಲ.

ಆಗ ಅವಸರಕ್ಕೆ ಕಂಪ್ರೆಸರ್ ತುಂಬ ಏರಿಸೋ ಹುಡುಗರಿದ್ದಾರೆ. ಬೀಡ್ ಕೂರಿಸಲು 40 ಪಿಎಸ್‌ಐ ದಾಟಬಾರದು. ಕೂರಲಿಲ್ಲ ಅಂದರೆ ಗಾಳಿ ಪೂರ್ತಿ ಬಿಟ್ಟು, ಮತ್ತೆ ಬೀಡ್ ಪೇಸ್ಟ್ ಹಚ್ಚಿ ಪ್ರಯತ್ನಿಸಬೇಕು. ಅದು ಸಿಡಿದರೆ ಕೈ ಹೋಗುತ್ತೆ.


ಸೈಡ್‌ವಾಲ್_ಪಂಡಿತ

ಈಗ ತಾರೀಕು. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಡಾಟ್ (DOT) ಅಂತ ಶುರುವಾಗಿ ಕೊನೆಗೆ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ. 3825 ಅಂದರೆ 2025ನೇ ಇಸವಿಯ 38ನೇ ವಾರ. ಪೂರ್ತಿ ಕೋಡ್ ಬಹಳ ಟೈರುಗಳಲ್ಲಿ ಒಂದೇ ಬದಿಗೆ ಇರುತ್ತೆ. ಹಾಕುವಾಗ ಆ ಬದಿ ಒಳಗೆ ಹೋದರೆ ಆಮೇಲೆ ಗಾಡಿ ಎತ್ತಿ ಟಾರ್ಚ್ ಬಿಟ್ಟು ಓದಬೇಕು. ಮನೆಗೆ ಬಂದ ಕೂಡಲೇ ನಾಲ್ಕರದ್ದೂ ಫೋಟೊ ತೆಗೆದಿಡಿ. ನಾಲ್ಕೂ ಒಂದೇ ಆಗಿರುತ್ತೆ ಅಂದುಕೊಳ್ಳಬೇಡಿ, ಎರಡು ಹೊಸದು ಎರಡು ಹಳೇದು ಸೇರಿಸಿ ಕಳಿಸೋದುಂಟು.

ಪಟ್ಟಿಯಲ್ಲಿ ತಯಾರಿ ತಾರೀಕು ಸಾಮಾನ್ಯವಾಗಿ ಹಾಕಿರಲ್ಲ. ಬಹಳ ದಿನದಿಂದ ಕೂತ ಮಾಲು ಅಗ್ಗಕ್ಕೆ ಹೋಗೋದೂ ಹೀಗೇ. ಆರ್ಡರ್‌ಗೆ ಮುಂಚೆ ಮಾರಾಟಗಾರರಿಗೆ ಚಾಟ್‌ನಲ್ಲಿ ಬರೆದು ಕೇಳಿ: "ಕಳಿಸೋ ಟೈರಿನ ವಾರ/ವರ್ಷ ಏನು? ಆರು ತಿಂಗಳಿಗಿಂತ ಹಳೇದಾದರೆ ಬೇಡ." ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಒಂದು ವರ್ಷ ಹಳೇದಾದ ಮಾತ್ರಕ್ಕೆ ಟೈರು ಹಾಳು ಅಂತ ಅಲ್ಲ. ನೆರಳಲ್ಲಿ, ತಂಪಲ್ಲಿ ಇಟ್ಟಿದ್ದರೆ ಚೆನ್ನಾಗೇ ಇರುತ್ತೆ. ಮಿಶೆಲಿನ್ ಕಂಪನಿಯೇ ಬಳಕೆಗೆ ಬಂದು ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ತಯಾರಾಗಿ ಹತ್ತು ವರ್ಷಕ್ಕೆ ಏನೇ ಆದರೂ ಬದಲಿಸಿ ಅನ್ನುತ್ತೆ. ವರ್ಷಕ್ಕೆ ಏಳೆಂಟು ಸಾವಿರ ಕಿಮೀ ಓಡಿಸೋರಿಗೆ ಗ್ರೂವ್ (ಟೈರಿನ ಮೈಮೇಲಿನ ಸೀಳುಗಳು) ಸವೆಯೋಕೆ ಮುಂಚೆ ರಬ್ಬರು ಗಟ್ಟಿಯಾಗುತ್ತೆ. ಎರಡು ವರ್ಷ ಹಳೇದನ್ನ ಕೊಂಡರೆ ಅಷ್ಟು ಆಯಸ್ಸು ಅವರೇ ಗೋಡೌನಲ್ಲಿ ತಿಂದ ಹಾಗೆ. ಬೆಲೆ ಅದಕ್ಕೆ ತಕ್ಕ ಹಾಗೆ ಇಳಿದಿರಬೇಕು.


ಟಾರ್ಕ್_ಮೇಡಂ

ಹೊಸ ಕಾರಿಂದ ಬಿಚ್ಚಿದ ಟೈರಿನ ಬಗ್ಗೆ ಯಾರೂ ಬರೆದಿಲ್ಲ. ಶೋರೂಮಿಂದ ಗಾಡಿ ತಂದ ದಿನವೇ ದೊಡ್ಡ ಅಲಾಯ್ ಹಾಕಿಸೋರು ಹಳೇ ಸೆಟ್ ಮಾರ್ತಾರೆ. ಅದು "ಬ್ರ್ಯಾಂಡ್ ನ್ಯೂ" ಅಂತ ಪಟ್ಟಿಗೆ ಬರುತ್ತೆ. ಟೈರು ಕೆಟ್ಟದ್ದೇನಲ್ಲ, ಆದರೆ ಗಾಡಿ ಜೊತೆ ಬಂದಿದ್ದರಿಂದ ಅದರ ವಾರಂಟಿ ನಿಮ್ಮ ಬಿಲ್‌ಗೆ ಸೇರಲ್ಲ. ಗುರುತು ಹಿಡಿಯೋದು ಹೀಗೆ: ಅಚ್ಚಿನಿಂದ ಬಂದ ಕೂದಲಿನಂಥ ರಬ್ಬರ್ ಎಳೆಗಳು ರಸ್ತೆಗೆ ತಾಗೋ ಭಾಗದಲ್ಲಿ ಉದುರಿರುತ್ತವೆ, ಮೇಲಿನ ಬಣ್ಣದ ಪಟ್ಟೆ ಅಳಿಸಿರುತ್ತೆ, ಬೀಡ್ ಮೇಲೆ ಪೇಸ್ಟ್ ಒಣಗಿದ ಗುರುತು, ರಿಮ್ ತಾಗಿದ ಗೆರೆ ಇರುತ್ತೆ. ಪಾಲಿಶ್ ಹೊಡೆದು ಮಿರಮಿರ ಮಿಂಚ್ತಿದ್ದರೆ ಇನ್ನೂ ಹತ್ತಿರದಿಂದ ನೋಡಿ. ಕಾರ್ಖಾನೆಯಿಂದ ಬಂದ ಟೈರು ಮಂಕಾಗಿರುತ್ತೆ.

ಐಎಸ್‌ಐ ಮುದ್ರೆ ಇದೆಯಾ ಅಂತಲೂ ನೋಡಿ. ಕಾರ್ ಟೈರಿಗೆ ಐಎಸ್ 15633, ಇದು ಕಡ್ಡಾಯ. ಜೊತೆಯಲ್ಲಿರೋ ಸಿಎಂ/ಎಲ್ ಸಂಖ್ಯೆಯನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು ಅಂತ ಬರುತ್ತೆ.


ಕೊಡಗು_ಕ್ರಾಸ್

18, 19 ಇಂಚಿನ ಅಳತೆ, ವಿದೇಶಿ ಬ್ರ್ಯಾಂಡು ಬೇಕಿದ್ದವರಿಗೆ ಬೇರೆ ದಾರಿ ಇಲ್ಲ ಅಲ್ವಾ? ಇಲ್ಲಿನ ಅಂಗಡಿಗಳಲ್ಲಿ ಸಿಗೋದೇ ಇಲ್ಲ.


ಸೈಡ್‌ವಾಲ್_ಪಂಡಿತ

ಹೌದು, ಆನ್‌ಲೈನ್ ನಿಜಕ್ಕೂ ಉಪಯೋಗಕ್ಕೆ ಬರೋದು ಅಲ್ಲೇ. ಆದರೆ ಹುಷಾರು. 2020ರ ಜೂನ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊಸ ಕಾರ್ ಟೈರುಗಳ ಆಮದನ್ನ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅವತ್ತಿಂದ ಆಮದಿಗೆ ಪರವಾನಗಿ ಬೇಕು. ಹಾಗಾಗಿ "ಇನ್ ಸ್ಟಾಕ್" ಅಂತ ತೋರಿಸಿ, ದುಡ್ಡು ಹಿಡಿದು, ವಾರ ಆದಮೇಲೆ ಕ್ಯಾನ್ಸಲ್ ಮಾಡೋದು ಈ ಅಳತೆಗಳಲ್ಲಿ ಜಾಸ್ತಿ. ನಾಲ್ಕರಲ್ಲಿ ಮೂರು ಬಂದು ಒಂದು ಬಾರದಿದ್ದರೆ ಇನ್ನೂ ಫಜೀತಿ. ನಾಲ್ಕೂ ಕೈಗೆ ಬರೋ ತನಕ ಒಂದನ್ನೂ ಹಾಕಿಸಬೇಡಿ, ಹಾಕಿಸಿದರೆ ವಾಪಸಿನ ಮಾತೇ ಇಲ್ಲ.


ಗ್ರಾಹಕ_1915

ವಾಪಸಿನ ಮಾತು ಬಂತಲ್ಲ, ಕಾನೂನಿನಲ್ಲಿ ಇರೋದನ್ನ ಹೇಳ್ತೀನಿ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷಯುಕ್ತ ಇದ್ದರೆ, ನಕಲಿ ಇದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. "ನೋ ರಿಟರ್ನ್" ಅಂತ ಬರೆದಿದ್ದರೂ ಅಷ್ಟೇ. ದೂರು ಕೊಟ್ಟ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ದೆಹಲಿಯಲ್ಲಿದ್ದರೂ 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ.

ಇದಕ್ಕೆಲ್ಲ ಬೇಕಾಗೋದು ಸಾಕ್ಷಿ. ಪ್ಯಾಕಿಂಗ್ ಬಿಚ್ಚೋ ವಿಡಿಯೊ ಒಂದೇ ಓಟದಲ್ಲಿ ತೆಗೀರಿ: ಮೊದಲು ವಿಳಾಸದ ಚೀಟಿ, ಆಮೇಲೆ ಡಾಟ್ ಕೋಡ್, ಆಮೇಲೆ ಎರಡೂ ಬೀಡ್. ಬಿಲ್ ನೋಡಿ: ಜಿಎಸ್‌ಟಿ ಸಂಖ್ಯೆ, ಬ್ರ್ಯಾಂಡು, ಪ್ಯಾಟರ್ನ್ (ಟೈರಿನ ಮಾದರಿ) ಹೆಸರು, ಪೂರ್ತಿ ಅಳತೆ, ಸಾಧ್ಯವಾದರೆ ಸೀರಿಯಲ್ ನಂಬರು. "ಕಾರ್ ಟೈರ್ – 4" ಅಂತ ಮಾತ್ರ ಇರೋ ಬಿಲ್ಲು ವಾರಂಟಿ ದಿನ ಕೈ ಕೊಡುತ್ತೆ.


ಘಾಟಿ_ರೋಡ್

ವಾರಂಟಿ ಐದು ವರ್ಷ ಅಂತಾರಲ್ಲ, ಹಾಗಾದರೆ ಯಾರ ಹತ್ತಿರ ಕೊಂಡರೇನು?


ಟೈರ್‌ಲಿವರ್

ವಾರಂಟಿ ಕಂಪನಿಯದ್ದೇ, ಆದರೆ ಟೈರು ಕಂಪನಿಗೆ ಹೋಗೋದು ಡೀಲರ್ ಮೂಲಕ. ಅವರು ತೆಗೆದುಕೊಂಡು, ಫಾರಂ ತುಂಬಿ, ಕಂಪನಿ ಎಂಜಿನಿಯರ್‌ಗೆ ತೋರಿಸಬೇಕು. ತಮ್ಮಲ್ಲಿ ಕೊಳ್ಳದ ಟೈರಿಗೆ "ಕೊಂಡ ಕಡೆ ಹೋಗಿ" ಅನ್ನೋರು ಇದ್ದಾರೆ. ಆಗ ಕಂಪನಿಯ ಗ್ರಾಹಕ ಸೇವೆಗೆ ನೇರ ದೂರು ಹಾಕಿ, ಅವರೇ ಡೀಲರ್ ಗೊತ್ತುಮಾಡಿ ಕೊಡ್ತಾರೆ. ಅಷ್ಟು ದಿನ ಸ್ಟೆಪ್ನಿ ಮೇಲೆ ಓಡಿಸಿ.

ಇನ್ನು ಸಿಗೋದೆಷ್ಟು? ಹೊಸ ಟೈರಿನ ಗ್ರೂವ್ ಆಳ 8 ಮಿಮೀ, ಸವೆತದ ಮಿತಿ 1.6 ಮಿಮೀ. ಬಳಸಬಹುದಾದ್ದು 6.4. ದೋಷ ಕಂಡಾಗ 4.8 ಉಳಿದಿದ್ದರೆ ನೀವು 3.2 ಬಳಸಿದ್ದೀರಿ, ಅಂದರೆ ಅರ್ಧ. 4,800ರ ಹೊಸ ಟೈರಿಗೆ 2,400 ನೀವು ಕೊಡಬೇಕು, ಹಾಕೋ ಖರ್ಚು ಬೇರೆ. ಅದೂ ತಯಾರಿಕೆಯ ದೋಷ ಅಂತ ಒಪ್ಪಿದರೆ. ಗುಂಡಿಗೆ ಬಿದ್ದು ಸೈಡ್‌ವಾಲ್ ಊದಿಕೊಂಡಿದ್ದನ್ನ ಒಪ್ಪಲ್ಲ, ಒಳಗಿನ ದಾರ ಹೊಡೆತಕ್ಕೆ ತುಂಡಾಗಿರುತ್ತೆ. ನಮ್ಮ ರಸ್ತೆಗಳಲ್ಲಿ ಆಗೋದೇ ಅದು! ಕೆಲವು ಕಂಪನಿಗಳು ಕೆಲವು ಪ್ಯಾಟರ್ನ್‌ಗೆ ರಸ್ತೆ ಹಾನಿಯನ್ನೂ ಸೇರಿಸ್ತವೆ, ಆದರೆ ಕೊಂಡ ಇಂತಿಷ್ಟು ದಿನದೊಳಗೆ ಬಿಲ್ ಸಮೇತ ನೋಂದಣಿ ಮಾಡಿಸಬೇಕು. ಡೀಲರ್ ಆದರೆ ಕೌಂಟರಲ್ಲೇ ಮಾಡಿಕೊಡ್ತಾರೆ. ಆನ್‌ಲೈನ್‌ನಲ್ಲಿ ನೀವೇ ನೆನಪಿಟ್ಟು ಮಾಡಬೇಕು.


ಬಿಟಿಎಂ_ಬಂಪರ್

ಎಲ್ಲರೂ ಹೆದರಿಸ್ತಾ ಇದ್ದೀರಲ್ಲ ಗುರು. ಈಗ ಆನ್‌ಲೈನ್‌ನಲ್ಲಿ ಕೊಂಡು ಅವರೇ ಹೇಳಿದ ಅಂಗಡಿಯಲ್ಲಿ ಹಾಕಿಸೋ ವ್ಯವಸ್ಥೆ ಇದೆ, ಕೊರಿಯರ್ ಜಂಜಾಟವೇ ಇಲ್ಲ.


ಟಾರ್ಕ್_ಮೇಡಂ

ಅದು ಇದ್ದಿದ್ದರಲ್ಲಿ ಒಳ್ಳೇದು, ಒಪ್ಪಿದೆ. ಆದರೆ "ಫಿಟ್ಟಿಂಗ್ ಉಚಿತ" ಅನ್ನೋದರೊಳಗೆ ಏನಿದೆ ಅಂತ ಓದಿ. ಬಹಳ ಕಡೆ ಬಿಚ್ಚಿ ಹಾಕೋದು ಮಾತ್ರ. ವಾಲ್ವು, ಬ್ಯಾಲೆನ್ಸಿಂಗು, ಅಲಾಯ್ ಅಂದರೆ ಹೆಚ್ಚುವರಿ, ನೈಟ್ರೋಜನ್ ಎಲ್ಲ ಅಲ್ಲಿ ಹೋದಮೇಲೆ ಒಂದೊಂದಾಗಿ ಬರುತ್ತೆ. ನೈಟ್ರೋಜನ್ ಬೇಡ ಅನ್ನಿ, ಮಾಮೂಲಿ ಗಾಳಿಯಲ್ಲೂ ಶೇ 78 ಅದೇ ಇರೋದು.

ಟೈರು ನಿಮ್ಮ ಮನೆಗೆ ಬಾರದೆ ನೇರ ಅಂಗಡಿಗೇ ಹೋದಾಗ ಡಾಟ್ ನೋಡೋಕೆ ನಿಮಗೆ ಸಿಗೋ ಸಮಯ ಹಾಕೋಕೆ ಮುಂಚಿನ ಐದು ನಿಮಿಷ. ಗಾಡಿ ಜಾಕ್ ಮೇಲೆ ಎತ್ತಿ ಹಳೇ ಟೈರು ಬಿಚ್ಚೋಕೆ ಮುಂಚೆ ನೋಡಿ. ಬಿಚ್ಚಿದಮೇಲೆ "ಬೇಡ" ಅನ್ನೋದು ಕಷ್ಟ.

ಟಿಪಿಎಂಎಸ್ (ಟೈರಿನ ಗಾಳಿ ಒತ್ತಡ ತೋರಿಸೋ ವ್ಯವಸ್ಥೆ) ಇರೋ ಗಾಡಿಯಾದರೆ ಮೊದಲೇ ಬಾಯಿಬಿಟ್ಟು ಹೇಳಿ. ಸೆನ್ಸರ್ ವಾಲ್ವಿನ ಬುಡದಲ್ಲೇ ಇರುತ್ತೆ, ಬೀಡ್ ಬಿಚ್ಚುವ ಬ್ಲೇಡು ಅಲ್ಲಿ ಒತ್ತಿದರೆ ಮುರೀತು. ಅಲ್ಯೂಮಿನಿಯಂ ವಾಲ್ವಿಗೆ ಹಿತ್ತಾಳೆಯ ಪಿನ್ ಹಾಕಿದರೆ ಎರಡೂ ಕಚ್ಚಿಕೊಂಡು ತುಕ್ಕು ಹಿಡಿಯುತ್ತೆ, ಮುಂದಿನ ಸಲ ತೆಗೆಯೋಕೆ ಬರಲ್ಲ. ನಿಕಲ್ ಲೇಪನದ್ದೇ ಹಾಕಬೇಕು.


ಕೆಎ09_ಸ್ಟೆಪ್ನಿ

ಹಾಕೋ ಹೊತ್ತಲ್ಲಿ ನಿಂತು ನೋಡಬೇಕಾದ್ದೇನು ಅಂತ ಹೇಳಿ, ಅದು ಉಪಯೋಗಕ್ಕೆ ಬರುತ್ತೆ.


ಟೈರ್‌ಲಿವರ್

ಬಾಣದ ಗುರುತಿದ್ದರೆ ಮುಂದಕ್ಕೆ ತಿರುಗೋ ದಿಕ್ಕು. "ಔಟ್‌ಸೈಡ್" ಅಂತಿದ್ದರೆ ಅದು ಹೊರಕ್ಕೆ. ಹೊರಗಿಂದ ತಂದ ಟೈರು ಅಂದರೆ ಹುಡುಗರು ಬೇಗ ಮುಗಿಸೋ ಅವಸರದಲ್ಲಿ ಇವೆರಡನ್ನ ತಪ್ಪೋದೇ ಜಾಸ್ತಿ. ಹಳದಿ ಚುಕ್ಕೆ ಟೈರಿನ ಹಗುರ ಜಾಗ, ಅದನ್ನ ವಾಲ್ವಿನ ಪಕ್ಕಕ್ಕೇ ಕೂರಿಸಿದರೆ ತೂಕ ಕಡಿಮೆ ಸಾಕು. ಬ್ಯಾಲೆನ್ಸಿಂಗ್ ಮಿಷಿನ್ ಒಂದು ಬದಿಗೇ 80–100 ಗ್ರಾಂ ಕೇಳಿದರೆ ಸೀಸ ಬಡೀತಾ ಹೋಗಬೇಡಿ ಅನ್ನಿ. ಗಾಳಿ ಬಿಟ್ಟು ಟೈರನ್ನ ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲಿ. ಆಗಲೂ ಅಷ್ಟೇ ಕೇಳಿದರೆ ರಿಮ್ ಬೆಂಡ್ ಇರಬಹುದು. ಟೈರು ಮಾರಿದವರಿಗೆ ದೂರು ಕೊಡೋಕೆ ಮುಂಚೆ ಖಾಲಿ ರಿಮ್ ತಿರುಗಿಸಿ ಖಾತ್ರಿ ಮಾಡಿಕೊಳ್ಳಿ, ಅವರು ಮೊದಲು ಕೇಳೋದೇ ಅದನ್ನ.


ಘಾಟಿ_ರೋಡ್

ಎರಡೇ ಟೈರು ತರಿಸಿದರೆ ಮುಂದಕ್ಕಾ ಹಿಂದಕ್ಕಾ?


ಸೈಡ್‌ವಾಲ್_ಪಂಡಿತ

ಹೊಸದು ಹಿಂದಕ್ಕೆ, ಮುಂದಿನ ಚಕ್ರ ಎಳೆಯೋ ಗಾಡಿಗೂ ಅಷ್ಟೇ. ಮಳೆಯಲ್ಲಿ ಮುಂದಿನದು ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತೆ, ಕಾಲು ತೆಗೆದರೆ ಹಿಡಿತಕ್ಕೆ ಬರುತ್ತೆ. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತೆ. ಶಿರಾಡಿ, ಆಗುಂಬೆ ತಿರುವಲ್ಲಿ ಅದನ್ನ ಸರಿಪಡಿಸೋಕೆ ಜಾಗವೇ ಇಲ್ಲ. ಒಂದೇ ಆಕ್ಸಲ್‌ಗೆ ಎರಡು ಬೇರೆ ಪ್ಯಾಟರ್ನ್ ಮಾತ್ರ ಬೇಡ. ಆನ್‌ಲೈನ್‌ನಲ್ಲಿ "ಅದೇ ಕಂಪನಿ, ಅದೇ ಅಳತೆ" ಅಂತ ಪ್ಯಾಟರ್ನ್ ಬದಲಿಸಿ ಕಳಿಸ್ತಾರೆ, ಹೆಸರನ್ನ ಅಕ್ಷರ ಅಕ್ಷರ ಹೋಲಿಸಿ.


ಹುಬ್ಳಿ_ಹೈವೇ

ಹಳೇ ಟೈರು ಏನು ಮಾಡೋದ್ರಿ? ಅಂಗಡ್ಯಾಗ ಬಿಟ್ಟು ಬಂದ್ರ ಅವ್ರಿಗೆ ಪುಕ್ಕಟೆ.


ಟೈರ್‌ಲಿವರ್

ಗ್ರೂವ್ 3 ಮಿಮೀ ಮೇಲಿದ್ದು ಬಿರುಕಿಲ್ಲದ್ದು ಒಂದಿದ್ದರೆ ಸ್ಟೆಪ್ನಿಗೆ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಕೆಲಸ ಶುರುವಾಗೋಕೆ ಮುಂಚೆಯೇ ಬೆಲೆ ಮಾತಾಡಿ, ಫಿಟ್ಟಿಂಗ್ ಬಿಲ್ಲಲ್ಲಿ ಮುರಿಸಿ. ಮನೆ ಹಿತ್ತಲಿಗೆ ಮಾತ್ರ ಒಯ್ಯಬೇಡಿ, ಮಳೆ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೇ ತೊಟ್ಟಿ ಇಲ್ಲ.


ಟಾರ್ಕ್_ಮೇಡಂ

ಒಂದು ಬಿಟ್ಟು ಹೋಗಿತ್ತು. ನಟ್‌ಗಳನ್ನ ಗಾಳಿ ಗನ್ನಿಂದ ಕೊನೇವರೆಗೂ ಬಿಗಿಸೋಕೆ ಬಿಡಬೇಡಿ, ಸ್ಟಡ್ (ನಟ್ ಕೂರೋ ಬೋಲ್ಟು) ಎಳೆದುಕೊಳ್ಳುತ್ತೆ. ಕೈಯಲ್ಲಿ ಕೂರಿಸಿ, ಎದುರುಬದುರಾಗಿ, ಟಾರ್ಕ್ ರೆಂಚ್‌ನಲ್ಲಿ. ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್, ನಿಮ್ಮ ಗಾಡಿಯದ್ದು ಕೈಪಿಡಿಯಲ್ಲಿದೆ. 50–100 ಕಿಮೀ ಓಡಿದಮೇಲೆ ಮತ್ತೊಮ್ಮೆ ನೋಡಬೇಕು. ಅಂಗಡಿಯವರು ಕರೆಯಲ್ಲ, ನೀವೇ ಹೋಗಬೇಕು.